ಸೇಡಿಗೊಂದು ಸರಳೆ ವರಸೆ

ನನ್ನ ಮಗಳನ್ನು ಸಂಗೀತದ ಪಾಠಕ್ಕೆ ಸೇರಿಸಿದ್ದು ಸೇಡು ತೀರಿಸಿಕೊಳ್ಳುವುದಕ್ಕೆ. ಇದನ್ನು ಎಲ್ಲರ ಮುಂದೆ ಹೇಳುವ ಹಾಗಿಲ್ಲ. ಕೇಳಿದವರಿಗೆಲ್ಲ ‘ಸಂಸ್ಕಾರ’ ಎಂದೇ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಸಂಸ್ಕಾರ ಎನ್ನುವುದು ಬಹಳ ಅನುಕೂಲದ ಮಾತು. ಅದು ಸಂತೆಗೆ ಒಯ್ಯುವ ಬಟ್ಟೆಚೀಲದ ಹಾಗೆ. ಎಷ್ಟು ತುರುಕಿದರೂ ಹಿಡಿಸುತ್ತದೆ, ಒಳಗೇನಿದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ನಂಜನಗೂಡಿನಲ್ಲಿ ಪಾಠ ಹೇಳುವ ವಸುಂಧರಾ ಮೇಡಂ ಅವರ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಕೂತು ಕೂತು ನಾನು ಇಂಥ ಚೀಲಗಳನ್ನು ಒಂದೊಂದಾಗಿ ಇಣುಕಿ ನೋಡಿದ್ದೇನೆ. ಒಳಗೆ ಮಕ್ಕಳು ‘ಸ ಪ ಸ’ ಎನ್ನುತ್ತಿರುತ್ತವೆ. ಹೊರಗೆ ಅಪ್ಪ ಅಮ್ಮಂದಿರು ಶುರುವಿನಲ್ಲಿ ‘ಸಂಸ್ಕಾರ’ ಎನ್ನುತ್ತಾರೆ, ಸ್ವಲ್ಪ ಸಲಿಗೆ ಬೆಳೆದ ಮೇಲೆ ನಿಜ ಹೇಳುತ್ತಾರೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮಗನನ್ನು ಸೇರಿಸಿದ್ದು ಲೆಕ್ಕ ಚೆನ್ನಾಗಿ ಬರಲಿ ಅಂತ. ತಾಳ ಎಣಿಸಿದರೆ ಮೆದುಳಿನ ಯಾವುದೋ ಮೂಲೆ ಚುರುಕಾಗುತ್ತದೆಯೆಂದು ಅವರಿಗೆ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಆ ಹುಡುಗ ಈಗ ಲೆಕ್ಕ ಮಾಡುವಾಗಲೂ ತೊಡೆ ತಟ್ಟುತ್ತಾನಂತೆ, ಉತ್ತರ ಮಾತ್ರ ಮೊದಲಿನಂತೆಯೇ ತಪ್ಪು. ಬಿಳಿಗೆರೆಯಿಂದ ಬೈಕಿನಲ್ಲಿ ಅವಳಿ ಮಕ್ಕಳನ್ನು ಕರೆತರುವ ತಂದೆಯ ಕಾರಣ ಇನ್ನೂ ಸರಳ. ಅವರ ವಯಸ್ಸಾದ ತಾಯಿ ಧಾರಾವಾಹಿ ನೋಡುವ ಹೊತ್ತಿಗೆ ಮಕ್ಕಳು ಮನೆಯಲ್ಲಿ ಇರಬಾರದು. ಕವಲಂದೆಯಿಂದ ಬರುವ ತಾಯಿಯೊಬ್ಬರ ಮಗ ಮಾತಾಡಿದರೆ ಮೂರು ಮನೆ ಆಚೆಗೆ ಕೇಳುತ್ತಿತ್ತು. ಸಂಗೀತ ಕಲಿತರೆ ದನಿ ಮೆತ್ತಗಾದೀತು ಎಂದು ತಂದು ಬಿಟ್ಟರು. ಈಗ ಆರು ಮನೆ ಆಚೆಗೆ ಕೇಳುತ್ತದೆ, ಆದರೆ ಶ್ರುತಿಯಲ್ಲಿ. ಇವರೆಲ್ಲರಿಗಿಂತ ಪ್ರಾಮಾಣಿಕರು ಜಗಲಿಯ ಕೊನೆಯಲ್ಲಿ ಕಂಬಕ್ಕೆ ಒರಗಿ ಕೂರುವ ಒಬ್ಬ ಹೆಂಗಸು. ಈ ಒಂದು ಗಂಟೆಯಲ್ಲಿ ಯಾರೂ ನನ್ನನ್ನು ಕಾಫಿ ಕೇಳುವುದಿಲ್ಲ, ಅದಕ್ಕೇ ಸೇರಿಸಿದೆ ಎಂದರು. ಅವರ ಮಗಳು ಒಳಗೆ ಏನು ಕಲಿಯುತ್ತಿದ್ದಾಳೆಂದು ಅವರು ಇವತ್ತಿನವರೆಗೆ ವಿಚಾರಿಸಿಲ್ಲ.

ಇದೇನು ಹೊಸದಲ್ಲ ಬಿಡಿ. ಹಳೆಯ ಗ್ರೀಕರು ಮಕ್ಕಳಿಗೆ ಕುಸ್ತಿಯ ಜೊತೆ ಸಂಗೀತ ಕಲಿಸುತ್ತಿದ್ದರು, ಆತ್ಮ ಹದಗೊಳ್ಳಲಿ ಅಂತ. ನಮ್ಮ ಅಜ್ಜಿಯರ ಕಾಲದಲ್ಲಿ ಪೇಟೆಯ ಹೆಣ್ಣುಮಕ್ಕಳಿಗೆ ಎರಡು ಹಾಡು ಕಲಿಸುತ್ತಿದ್ದರು, ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಮುಗಿಸುವತನಕ ಹೊತ್ತು ಹೋಗಲಿ ಅಂತ. ಮದುವೆಯಾದ ಮರುದಿನದಿಂದ ಆ ಹಾರ್ಮೋನಿಯಂ ಅಟ್ಟ ಹತ್ತುತ್ತಿತ್ತು. ಒಟ್ಟಿನಲ್ಲಿ ಸಂಗೀತಕ್ಕಾಗಿಯೇ ಸಂಗೀತ ಕಲಿಸಿದ ತಂದೆತಾಯಿಗಳನ್ನು ನಾನಂತೂ ಕಂಡಿಲ್ಲ. ಮಗುವಿಗೂ ಪಶುವಿಗೂ ಹಾವಿಗೂ ಸಂಗೀತದ ರಸ ಗೊತ್ತು ಎನ್ನುತ್ತಾರೆ ಹಿರಿಯರು. ಆ ಪಟ್ಟಿಯಲ್ಲಿ ಪೋಷಕರ ಹೆಸರಿಲ್ಲ.

ಬೀಗರ ಹೆಸರೂ ಇಲ್ಲ. ನನ್ನ ಕಥೆ ಶುರುವಾಗುವುದು ಅಲ್ಲಿಂದ.

ನನ್ನ ತವರು ಟಿ. ನರಸೀಪುರದ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ನಂಜನಗೂಡಿಗೆ ಬಂದು, ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಯಜಮಾನರು ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಒಬ್ಬಳೇ ಮಗಳು, ಇಂಚರ. ಆ ಹೆಸರಿಟ್ಟಾಗ ಅವಳನ್ನು ಹಾಡಿಸುವ ಉದ್ದೇಶವೇನೂ ನಮಗಿರಲಿಲ್ಲ. ಆ ವರ್ಷ ಎಲ್ಲರೂ ಅದೇ ಹೆಸರಿಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮನ ಮದುವೆಯಾಯಿತು. ಹುಡುಗಿ ಪವಿತ್ರ, ಬನ್ನೂರಿನವಳು. ನಮ್ಮ ಕಡೆ ಧಾರೆಯ ದಿನದ ಸಿಹಿಯೂಟ ಬರೀ ಪೀಠಿಕೆ. ನಿಜವಾದ ಊಟ ಅದಾದ ಮೇಲೆ ಬರುವ ಬೀಗರೂಟ. ಅವತ್ತು ಬಾಡೂಟದ ಎಲೆಯ ಮುಂದೆ ಎರಡೂ ಕಡೆಯವರು ಎದುರುಬದುರು ಕೂರುತ್ತಾರೆ, ಹೆಂಗಸರು ಒಬ್ಬರನ್ನೊಬ್ಬರು ಹಾಡಿನಲ್ಲಿ ಬೈದುಕೊಳ್ಳುತ್ತಾರೆ. ಬೀಗಿತ್ತಿ ಡೊಳ್ಳುಹೊಟ್ಟೆಯವಳು, ಬೀಗಿತ್ತಿ ಹಂಡೆಗಟ್ಟಲೆ ಉಂಡವಳು, ಹೀಗೆ. ಇದಕ್ಕೆ ಬರೆದಿಡದ ಕಾನೂನಿದೆ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಸೋತಂತೆ. ತಿರುಗಿ ಹಾಡಿನಲ್ಲೇ ಉತ್ತರ ಕೊಡಬೇಕು. ಸುಮ್ಮನೆ ಕೂತರೆ ಇನ್ನೂ ದೊಡ್ಡ ಸೋಲು.

ತಮ್ಮನ ಬೀಗರೂಟ ನಡೆದದ್ದು ನನ್ನ ತವರಿನಲ್ಲಿ. ಅವತ್ತು ಯಜಮಾನರಿಗೆ ಪಾಳಿ ಇತ್ತು, ಬಂದಿರಲಿಲ್ಲ. ಅಳಿಯನಿಗೆ ಇಲ್ಲದ ಊಟ ಎಂಥದ್ದು ಎಂದು ನನ್ನವ್ವ ಒಂದು ಸ್ಟೀಲ್ ಡಬ್ಬಿಯಲ್ಲಿ ಎರಡು ಕೋಳಿ ಕಾಲು ಇಟ್ಟು ನನ್ನ ಬ್ಯಾಗಿಗೆ ಸೇರಿಸಿದಳು. ನಾನು ಬೇಡವೆನ್ನಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಪವಿತ್ರಳ ಸೋದರತ್ತೆ ದೇವೀರಮ್ಮ ನಿಂತಿದ್ದದ್ದನ್ನು ಮಾತ್ರ ನಾವಿಬ್ಬರೂ ನೋಡಲಿಲ್ಲ. ದೇವೀರಮ್ಮ ಎಂದರೆ ಅಗಲ ಕುಂಕುಮದ, ದೊಡ್ಡ ದನಿಯ, ಬನ್ನೂರಿನ ಕಡೆಯ ಬೀಗರೂಟಗಳಿಗೆಲ್ಲ ದಂಡನಾಯಕಿಯಾದ ಹೆಂಗಸು. ಎಲೆಗೆ ಮುದ್ದೆ ಬಿದ್ದದ್ದೇ ತಡ, ಆಕೆ ನನ್ನ ಕಡೆ ತಿರುಗಿ ಎತ್ತಿಕೊಂಡರು:

ಬ್ಯಾಗ್ ಹೊತ್ತು ಬಂದವ್ಳೆ ಟೀಚರಮ್ಮ ಬೀಗಿತ್ತಿ
ಬ್ಯಾಗ್ ಯಾಕೆ ದಪ್ಪಾಯ್ತು, ಇಣುಕಿದ್ರೆ – ಅದ್ರೊಳ್ಗೆ
ಕೋಳಿ ಕಾಲೆರಡು ಪಾಠ ಓದ್ತವೆ

ಬನ್ನೂರಿನ ಹೆಂಗಸರೆಲ್ಲ ಕೊನೆಯ ಸಾಲನ್ನು ಹಿಡಿದು ಎಳೆದಾಡಿದರು. ಯಾರೋ ನನ್ನ ಬ್ಯಾಗು ತೆರೆದು ಡಬ್ಬಿಯನ್ನು ಎತ್ತಿ ತೋರಿಸಿಯೂಬಿಟ್ಟರು. ಅದು ಅಳಿಯನಿಗೆ ಇಟ್ಟದ್ದು ಎಂದು ಹೇಳಲು ಬಾಯಿ ತೆರೆದೆ. ಆದರೆ ಅಲ್ಲಿ ಹಾಡಿನಲ್ಲಿ ಹೇಳದ ಮಾತಿಗೆ ಬೆಲೆಯಿಲ್ಲ. ನಾನು ನಮ್ಮ ಕಡೆಯವರನ್ನು ನೋಡಿದೆ, ನಮ್ಮ ಕಡೆಯವರು ನನ್ನನ್ನು ನೋಡಿದರು. ನಮ್ಮಲ್ಲಿ ಇಂಥ ಹಾಡುಗಳೆಲ್ಲ ಬರುತ್ತಿದ್ದದ್ದು ದೊಡ್ಡಮ್ಮ ಒಬ್ಬರಿಗೇ. ಅವರು ಹೋಗಿ ಆಗಲೇ ಎರಡು ಮಳೆಗಾಲ ಕಳೆದಿತ್ತು. ಅವರಿದ್ದಾಗ ನಾವೆಲ್ಲ ಓದಿಕೊಂಡವರು ಎಂಬ ಗತ್ತಿನಲ್ಲಿ, ಅವರು ಹಾಡಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವು.

ಮೌನ ತಡೆಯಲಾರದೆ ನಮ್ಮ ಕಡೆಯಿಂದ ನನ್ನವ್ವನೇ ಬಾಯಿ ತೆರೆದಳು. ಅವಳಿಗೆ ಪೂರ್ತಿಯಾಗಿ ಬರುತ್ತಿದ್ದದ್ದು ಒಂದೇ ಹಾಡು, ಮಹಿಳಾ ಸಂಘದ ಮೀಟಿಂಗಿನಲ್ಲಿ ಹೇಳುವ ಪ್ರಾರ್ಥನೆ. ಸಂಘದ ಸದಸ್ಯೆಯರೆಲ್ಲ ದನಿಗೂಡಿಸಿದರು. ಬನ್ನೂರಿನವರು ಮರ್ಯಾದಸ್ಥರು. ತುತ್ತು ಕೆಳಗಿಟ್ಟು, ಪ್ರಾರ್ಥನೆ ಮುಗಿಯುವವರೆಗೆ ಕೈ ಮುಗಿದು ಕೂತರು. ಮುಗಿದ ಮೇಲೆ ದೇವೀರಮ್ಮ ಬಹಳ ಮೆತ್ತಗೆ, ಇನ್ನು ಸಾಲದ ಕಂತು ಕಟ್ಟಿಸಿಕೊಳ್ತೀರಾ ಎಂದು ಕೇಳಿದರು. ನನ್ನ ಬದುಕಿನಲ್ಲಿ ಅಷ್ಟು ಅವಮಾನ ನನಗೆ ಎಂದೂ ಆಗಿಲ್ಲ.

ಅವಮಾನ ಪೆಂಡಾಲಿನಲ್ಲೇ ಉಳಿದಿದ್ದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಕಪಿಲೆ ನಂಜನಗೂಡಿನಿಂದ ಹರಿದು ನರಸೀಪುರಕ್ಕೆ ಹೋಗುತ್ತಾಳೆ. ನನ್ನ ಹಾಡು ಅವಳಿಗೆ ಎದುರಾಗಿ ನರಸೀಪುರದಿಂದ ನಂಜನಗೂಡಿಗೆ ಮೊಬೈಲಿನಲ್ಲಿ ಹರಿದು ಬಂತು. ಯಾರೋ ವಿಡಿಯೋ ಮಾಡಿದ್ದರು. ಸೋಮವಾರ ನಾನು ಎಂಟನೆಯ ತರಗತಿಗೆ ಹೋಗಿ ಬ್ಯಾಗನ್ನು ಮೇಜಿನ ಮೇಲೆ ಇಟ್ಟದ್ದೇ ಹಿಂದಿನ ಬೆಂಚಿನಿಂದ ಒಂದು ಗುನುಗು ಕೇಳಿಸಿತು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ನನ್ನ ಬ್ಯಾಗಿನ ಗಾತ್ರದ ಬಗ್ಗೆ ಕಾಳಜಿ ತೋರಿಸತೊಡಗಿದರು. ನಾನು ತೆಳ್ಳನೆಯ ಬ್ಯಾಗೊಂದನ್ನು ಕೊಂಡೆ. ಅದರಲ್ಲಿ ಉತ್ತರ ಪತ್ರಿಕೆ ಹಿಡಿಸುತ್ತಿರಲಿಲ್ಲ, ಹಾಡು ಮಾತ್ರ ಹೇಗೋ ಹಿಡಿಸುತ್ತಿತ್ತು.

ಯುದ್ಧದಲ್ಲಿ ಸೋತ ದೇಶ ಏನು ಮಾಡುತ್ತದೆ ಎಂದು ಪ್ರತಿವರ್ಷ ಪಾಠ ಮಾಡುವವಳು ನಾನು. ಅದು ಒಪ್ಪಂದಕ್ಕೆ ಸಹಿ ಹಾಕಿ, ತಲೆ ತಗ್ಗಿಸಿಕೊಂಡು ಮನೆಗೆ ಬಂದು, ಗುಟ್ಟಾಗಿ ಮುಂದಿನ ಯುದ್ಧಕ್ಕೆ ಸೈನ್ಯ ಕಟ್ಟುತ್ತದೆ. ನನಗಿದ್ದ ಸೈನ್ಯ ಇಂಚರ ಒಬ್ಬಳೇ. ಅವಳಿಗಾಗ ಎಂಟು ತುಂಬಿತ್ತು. ಅವಳಿಗೆ ಹಾಡು ಕಲಿಸಿಬಿಟ್ಟರೆ ಮುಂದೆ ಎಂದಾದರೊಂದು ದಿನ ಬನ್ನೂರಿಗೆ ಉತ್ತರ ಹೋಗುತ್ತದೆ, ನನ್ನ ಕೋಳಿ ಕಾಲು ಜನರಿಗೆ ಮರೆತುಹೋಗುತ್ತದೆ ಎಂಬುದು ನನ್ನ ಲೆಕ್ಕ. ಮರುವಾರವೇ ಅವಳ ಕೈ ಹಿಡಿದು ವಸುಂಧರಾ ಮೇಡಂ ಮನೆಗೆ ಹೋದೆ. ಯಾಕೆ ಸೇರಿಸುತ್ತಿದ್ದೀರಿ ಎಂದು ಅವರು ಕೇಳಿದರು. ನಾನು ಸಂಸ್ಕಾರ ಎಂದೆ.

ಇಲ್ಲೊಂದು ಸಣ್ಣ ಎಡವಟ್ಟಾಯಿತು. ಬೀಗರನ್ನು ಬೈಯುವ ಹಾಡಿಗೂ ಕರ್ನಾಟಕ ಶಾಸ್ತ್ರೀಯ ಸಂಗೀತಕ್ಕೂ ಎಷ್ಟು ದೂರವಿದೆ ಎಂಬ ಅಂದಾಜು ನನಗಿರಲಿಲ್ಲ. ಎರಡೂ ಹಾಡೇ ತಾನೆ ಎಂದುಕೊಂಡಿದ್ದೆ. ನಾಯಿ ಓಡಿಸುವುದಕ್ಕೆ ಕೋಲು ಬೇಕೆಂದವಳು ತೇಗದ ಸಸಿ ನೆಟ್ಟ ಹಾಗಾಯಿತು. ಸರಳೆ ವರಸೆ ಎಂದರು, ಆಮೇಲೆ ಜಂಟಿ ವರಸೆ ಎಂದರು, ಆಮೇಲೆ ಅಲಂಕಾರ ಎಂದರು. ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಸರಿಗಮ ಬಿಟ್ಟು ಬೇರೆ ಶಬ್ದ ಕೇಳಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಹಗಲಲ್ಲಿ ಮಲಗುವ ಯಜಮಾನರು, ಇದಕ್ಕಿಂತ ಕಾರ್ಖಾನೆಯ ಬಾಯ್ಲರ್ ಪಕ್ಕ ನಿದ್ದೆ ಚೆನ್ನಾಗಿ ಬರುತ್ತದೆ ಎಂದರು. ಗಂಟಲಿಗೆ ಆಗುವುದಿಲ್ಲವೆಂದು ನಾನು ಐಸ್‌ಕ್ರೀಮು, ತಣ್ಣನೆಯ ಮೊಸರು ನಿಲ್ಲಿಸಿದೆ. ರಸಬಾಳೆಯ ಊರಿನಲ್ಲಿದ್ದುಕೊಂಡು ಬಾಳೆಹಣ್ಣನ್ನೂ ಸ್ವಲ್ಪ ದಿನ ನಿಲ್ಲಿಸಿದೆ. ಗಂಟಲಿನ ವಿಷಯದಲ್ಲಿ ನಮ್ಮೂರಿನ ದೇವರಿಗೇ ಅನುಭವ ಹೆಚ್ಚು, ವಿಷ ಕುಡಿದು ಅರ್ಧದಲ್ಲೇ ಹಿಡಿದುಕೊಂಡವನು. ನನ್ನ ಗಂಟಲಲ್ಲೂ ಎರಡು ಕೋಳಿ ಕಾಲು ಹಾಗೇ ನಿಂತಿದ್ದವು.

ಒಂದು ಸಂಜೆ ತಡೆಯಲಾರದೆ ಮೇಡಂ ಅವರನ್ನು, ನಿಮ್ಮ ಸಂಗೀತದಲ್ಲಿ ಬೈಯುವ ಹಾಡು ಇಲ್ಲವೇ ಎಂದು ಕೇಳಿಯೇಬಿಟ್ಟೆ. ಅವರು ಗದರಬಹುದೆಂದು ಹೆದರಿದ್ದೆ. ಬದಲಿಗೆ ಅವರ ಮುಖ ಅರಳಿತು. ನಿಂದಾಸ್ತುತಿ ಎಂಬುದಿದೆ ಎಂದರು. ನೀನು ತಿರುಕ, ನಿನ್ನ ಮೈಗೆ ಬೂದಿ, ನಿನ್ನ ವಾಹನ ಮುದಿ ಎತ್ತು ಎಂದೆಲ್ಲ ಭಕ್ತರು ದೇವರನ್ನು ಬೈಯುತ್ತಾರಂತೆ. ಹೊರಗೆ ಬೈಗುಳ, ಒಳಗೆ ಪ್ರೀತಿಯಂತೆ. ಅಂದರೆ ದೇವರನ್ನೂ ಬೀಗರ ಹಾಗೇ ಕಂಡವರಿದ್ದಾರೆ ಎಂದು ನನಗೆ ಧೈರ್ಯ ಬಂತು. ಆಗ ಮೇಡಂ ಒಂದು ಮಾತು ಸೇರಿಸಿದರು.

“ಬೈಯೋದಕ್ಕೂ ಶ್ರುತಿ ಬೇಕು ಕಣ್ರೀ. ಶ್ರುತಿ ಇಲ್ಲದೆ ಬೈದರೆ ಅದು ಬರೀ ಜಗಳ.”

ನಾನು ಆ ಮಾತಿನ ಮೊದಲರ್ಧವನ್ನು ಮಾತ್ರ ಮನೆಗೆ ಕೊಂಡೊಯ್ದೆ.

ಅಷ್ಟರಲ್ಲಿ ಯುದ್ಧದ ದಿನ ಗೊತ್ತಾಯಿತು. ನನ್ನ ಚಿಕ್ಕಪ್ಪನ ಮಗಳಿಗೂ ಪವಿತ್ರಳ ಅಣ್ಣನಿಗೂ ಮದುವೆ ನಿಶ್ಚಯವಾಯಿತು. ಅದೇ ಎರಡು ಮನೆ, ಅದೇ ಬೀಗರು, ಈ ಸಲ ಬೀಗರೂಟ ಬನ್ನೂರಿನಲ್ಲಿ. ಇಂಚರ ಆಗ ಮೊದಲ ಗೀತೆಗೆ, ಎಂದರೆ ಮಾತಿರುವ ಮೊದಲ ಹಾಡಿಗೆ, ಬಂದಿದ್ದಳು. ಹಾಡಿನ ಮಾತುಗಳನ್ನು ನಾನೇ ಕಟ್ಟಬೇಕಿತ್ತು, ಅದಕ್ಕೆ ದೇವೀರಮ್ಮನ ಗುಟ್ಟು ಬೇಕಿತ್ತು. ನನ್ನ ತಮ್ಮನ ಹೆಂಡತಿ ಪವಿತ್ರಳನ್ನು ಹಿತ್ತಲಿಗೆ ಕರೆದು ವಿಚಾರಿಸಿದೆ. ಅವಳು ಮೊದಲು ಸುತ್ತಮುತ್ತ ನೋಡಿದಳು, ಆಮೇಲೆ ಧಾರಾಳವಾಗಿ ಹೇಳಿದಳು. ದೇವೀರಮ್ಮನಿಗೆ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ. ಆಕೆ ನಡೆಯುವುದು ಬಸ್ ಸ್ಟ್ಯಾಂಡಿನ ಹೋಟೆಲಿನವರೆಗೆ. ಅಲ್ಲಿ ದೋಸೆ ತಿಂದು ಆಟೋದಲ್ಲಿ ವಾಪಸು. ಪಾಪ, ಅವರ ಯಜಮಾನರು ಇದೇನೂ ತಿಳಿಯದೆ, ಹೆಂಡತಿಗೆ ಜೊತೆಯಾಗಿರಲೆಂದು ಮನೆಯಲ್ಲಿ ರಾಗಿ ಅಂಬಲಿ ಕುಡಿದುಕೊಂಡು ಕಾಯುತ್ತಿರುತ್ತಾರೆ.

“ನಾನ್ ಏಳ್ದೆ ಅಂತ ಮಾತ್ರ ಏಳ್ಬೇಡಿ ಅಕ್ಕ,” ಎಂದಳು ಪವಿತ್ರ.

ಇಷ್ಟು ಸಿಕ್ಕರೆ ಸಾಲದೆ? ಸ್ಟಾಫ್ ರೂಮಿನಲ್ಲಿ ಕೂತು ಒಂದು ಪದ ಕಟ್ಟಿದೆ:

ವಾಕಿಂಗು ಹೊಂಟವ್ಳೆ ಬನ್ನೂರ ಬೀಗಿತ್ತಿ
ಹೋಟ್ಲು ಬಾಗ್ಲಲ್ಲಿ ಕಾಲ್ ಸೋತು – ಕುಂತವ್ಳೆ
ಮೂರು ದೋಸೆ ತಿಂದು ಆಟೋಲಿ ಬಂದವ್ಳೆ

ಬರೆದ ಮೇಲೆ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಇಂಚರಳಿಗೆ ಬಾಯಿಪಾಠ ಮಾಡಿಸಿದೆ. ಇದಕ್ಕೆ ಸ್ವರ ಯಾವುದು ಎಂದು ಅವಳು ಕೇಳಿದಳು. ಸುಮ್ಮನೆ ಹಾಡು ಎಂದೆ. ಸ್ವರವಿಲ್ಲದೆ ಸುಮ್ಮನೆ ಹಾಡುವುದು ಹೇಗೆ ಎಂದು ಅವಳು ನನ್ನನ್ನು ಅನಕ್ಷರಸ್ಥೆಯನ್ನು ನೋಡುವ ಹಾಗೆ ನೋಡಿ, ತನಗೆ ಬರುತ್ತಿದ್ದ ಒಂದೇ ಗೀತೆಯ ಧಾಟಿಗೆ, ಮಲಹರಿ ರಾಗಕ್ಕೆ, ಆ ಮೂರು ಸಾಲನ್ನು ತಾನೇ ಕೂರಿಸಿಕೊಂಡಳು. ಮನೆಯಲ್ಲಿ ಅಭ್ಯಾಸ ಮಾಡುವಾಗ ಆಟಕ್ಕೆ ಓಡುವ ಅವಸರದಲ್ಲಿ ಗಡಗಡನೆ ಹಾಡಿ ಮುಗಿಸುತ್ತಿದ್ದಳು. ಗಾಡಿ ಸರಿಯಾಗಿ ಓಡುತ್ತಿದೆ ಎಂದು ನಾನು ನಿಶ್ಚಿಂತಳಾದೆ.

ಬನ್ನೂರಿನ ಪೆಂಡಾಲಿನಲ್ಲಿ ಎಲೆ ಹಾಕಿದರು. ಕುರಿಗೆ ಹೆಸರಾದ ಊರು, ಊಟದ ಬಗ್ಗೆ ಮಾತಾಡುವ ಹಾಗಿಲ್ಲ. ಆದರೆ ನನಗೆ ಯಾವ ರುಚಿಯೂ ಹತ್ತಲಿಲ್ಲ. ಎದುರು ಸಾಲಿನಲ್ಲಿ ದೇವೀರಮ್ಮ ಸೆರಗು ಸರಿಪಡಿಸಿಕೊಂಡು ಮೊದಲ ಏಟು ಕೊಟ್ಟರು:

ಸರಿಗಮ ಕಲಿಯಕ್ಕೆ ಮಗಳನ್ನ ಬಿಟ್ಟವ್ಳೆ
ಹಾಡೋ ಕೋಗಿಲೆಯ ತಂದವ್ಳೆ – ಬೀಗಿತ್ತಿ
ಕೋಗಿಲೆ ಬಾಯ್ಗೂ ಕೋಳಿ ಕಾಲಿಟ್ಟವ್ಳೆ

ಎಲ್ಲರೂ ಇಂಚರಳ ಕಡೆ ತಿರುಗಿದರು. ಸರಿಯಾಗಿ ಆ ಗಳಿಗೆಯಲ್ಲಿ ಅವಳ ಬಾಯಲ್ಲಿ ಕೋಳಿ ಕಾಲಿತ್ತು. ಪೆಂಡಾಲು ಬಿದ್ದು ಬಿದ್ದು ನಕ್ಕಿತು, ನಮ್ಮ ಕಡೆಯವರೂ ನಕ್ಕರು, ನನ್ನವ್ವನಂತೂ ಕಣ್ಣು ಒರೆಸಿಕೊಂಡಳು. ಸಂಗೀತದ ವಿಷಯ ಇವರಿಗೆ ಹೇಗೆ ಗೊತ್ತಾಯಿತು ಎಂದು ಪವಿತ್ರಳ ಕಡೆ ನೋಡಿದೆ. ಅವಳು ಯಾರೂ ಕೇಳದಿದ್ದರೂ ಬಹಳ ಶ್ರದ್ಧೆಯಿಂದ ನೀರು ಬಡಿಸುತ್ತಿದ್ದಳು. ಎರಡು ದೇಶಕ್ಕೂ ಗೂಢಚಾರರಾಗಿದ್ದವರ ಬಗ್ಗೆ ಪಠ್ಯದಲ್ಲಿ ಓದಿದ್ದೆ, ಅವರು ಇಷ್ಟು ಮುಗ್ಧವಾಗಿ ಕಾಣುತ್ತಾರೆಂದು ಗೊತ್ತಿರಲಿಲ್ಲ.

ನಾನು ಇಂಚರಳಿಗೆ ಸನ್ನೆ ಮಾಡಿದೆ. ಅವಳು ಕೈತೊಳೆದು ಬಂದಳು. ನಿಂತು ಹಾಡೆಂದರೆ ಕೇಳಲಿಲ್ಲ. ಮೇಡಂ ಕೂತೇ ಹಾಡಬೇಕೆಂದಿದ್ದಾರೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಕ್ಕಂಬಕ್ಕಲು ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ನನ್ನ ಕಡೆ ಕೈ ಚಾಚಿದಳು.

“ಅಮ್ಮ, ಶ್ರುತಿ.”

ಫೋನಿನ ತಂಬೂರಿ ಆ್ಯಪಿನಲ್ಲಿ ಶ್ರುತಿ ಹಚ್ಚಿದೆ. ಮೊದಲು ನೀರಿನ ಪೈಪಿನ ಜಾಹೀರಾತು ಬಂತು. ಇಡೀ ಪೆಂಡಾಲು ಪೈಪಿನ ಗುಣಮಟ್ಟವನ್ನು ಗಂಭೀರವಾಗಿ ಕೇಳಿತು. ಆಮೇಲೆ ಶ್ರುತಿ ಶುರುವಾಯಿತು. ಇಂಚರ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಬೈಗುಳದ ಮೊದಲ ಸಾಲಿನ ಸ್ವರಗಳನ್ನು ಹಾಡತೊಡಗಿದಳು.

ಆಗ ನನಗೆ ಹೊಳೆಯಿತು. ಮೇಡಂ ಮನೆಯ ಪದ್ಧತಿಯಲ್ಲಿ ಗೀತೆ ಎಂದರೆ ಮೊದಲು ಸ್ವರ, ಆಮೇಲೆ ಸಾಹಿತ್ಯ. ಯಾವ ಪಾಠವನ್ನೇ ಆಗಲಿ ಮೂರು ಕಾಲದಲ್ಲಿ ಹಾಡಬೇಕು: ಮೊದಲು ನಿಧಾನ, ಆಮೇಲೆ ಅದರ ದುಪ್ಪಟ್ಟು, ಆಮೇಲೆ ಅದರ ದುಪ್ಪಟ್ಟು. ಮನೆಯಲ್ಲಿ ನಾನು ಕೇಳಿದ್ದು ಆ ಮೂರನೆಯದು ಮಾತ್ರ. ಸಭೆಯಲ್ಲಿ ಹಾಗೆಲ್ಲ ಕಳ್ಳಾಟ ಆಡಬಾರದೆಂದು ಮಗಳು ಪೂರ್ತಿ ಪಾಠ ಒಪ್ಪಿಸಲು ಕೂತಿದ್ದಳು.

ಮಲಹರಿ ಗಂಭೀರವಾಗಿ ಹರಡಿಕೊಂಡಿತು. ಬನ್ನೂರಿನವರು ಇದು ಪ್ರಾರ್ಥನೆಯೇ ಎಂದು ತಿಳಿದರು. ನಮ್ಮ ಕಡೆಯವರ ಅಭ್ಯಾಸ ಅವರಿಗೆ ಗೊತ್ತಿತ್ತಲ್ಲ. ಸಾರಿನ ಬಕೆಟ್ ಹಿಡಿದವರು ನಿಂತಲ್ಲೇ ನಿಂತರು. ಮುದುಕರೊಬ್ಬರು ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ದೇವೀರಮ್ಮ ಮೂಳೆಯನ್ನು ಎಲೆಯ ಅಂಚಿಗಿಟ್ಟು, ಬಲಗೈ ಎಂಜಲಾದ್ದರಿಂದ ಎಡಗೈಯೊಂದನ್ನೇ ಎದೆಗೆ ಹಿಡಿದು ತಲೆ ಬಾಗಿಸಿದರು. ‘ವಾ’ ಎಂದು ಶುರುವಾದ ಸಾಹಿತ್ಯ ‘ಕಿಂಗು’ವನ್ನು ತಲುಪುವಷ್ಟರಲ್ಲಿ ಒಂದು ಮಗು ಎರಡು ಸಲ ಸೀನಿತು. ಸಂಸ್ಕೃತವಿರಬೇಕು ಎಂದು ಯಾರೋ ಪಕ್ಕದವರಿಗೆ ಪಿಸುಗುಟ್ಟಿದರು. ನಾನು ಭೂಮಿಗಿಳಿದು ಹೋಗಲು ಜಾಗ ಹುಡುಕುತ್ತಿದ್ದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಗಾದೆ. ಅವರಪ್ಪನ ಊರಿನವಳಾದ ನನಗೇ ಅದು ಸರಿಯಾಗಿ ಅನ್ವಯಿಸಿತು.

ಎರಡನೆಯ ಕಾಲಕ್ಕೆ ಬಂದಳು. ‘ಬನ್ನೂರ ಬೀಗಿತ್ತಿ’ ಎಂಬುದು ಸ್ವಲ್ಪ ಸ್ವಲ್ಪವಾಗಿ ಕನ್ನಡವಾಗತೊಡಗಿತು. ಒಂದೆರಡು ತಲೆಗಳು ಎದ್ದವು. ದೇವೀರಮ್ಮನ ಎಡಗೈ ಎದೆಯಿಂದ ಕೆಳಗಿಳಿಯಿತು. ಮೂರನೆಯ ಕಾಲದಲ್ಲಿ ಇಂಚರ ಮನೆಯಲ್ಲಿ ಹಾಡುವಂತೆ ಗಡಗಡನೆ ಉರುಳಿಸಿದಳು. ವಾಕಿಂಗು, ಹೋಟ್ಲು, ದೋಸೆ, ಆಟೋ ಎಲ್ಲ ಒಂದರ ಹಿಂದೊಂದು ಪೆಂಡಾಲಿನ ಮೇಲೆ ಬಿದ್ದವು. ಹಾಡು ಮುಗಿಯಿತು, ಶ್ರುತಿ ಮಾತ್ರ ಫೋನಿನಲ್ಲಿ ನಡೆಯುತ್ತಲೇ ಇತ್ತು. ಯಾರೂ ನಗಲಿಲ್ಲ. ಎಲ್ಲರೂ ದೇವೀರಮ್ಮನನ್ನು ನೋಡುತ್ತಿದ್ದರು, ಅವರ ಯಜಮಾನರೂ ಸೇರಿದಂತೆ. ಅಷ್ಟು ವರ್ಷಗಳ ಅಂಬಲಿ ಆ ಮನುಷ್ಯನ ಮುಖದ ಮೇಲಿತ್ತು. ತಮಾಷೆ ಅತಿಯಾಯಿತೇನೋ, ಒಂದು ಮನೆಯ ನೆಮ್ಮದಿ ಕೆಡಿಸಿದೆನೇನೋ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ದೇವೀರಮ್ಮ ನೀರು ಕುಡಿದರು. ಲೋಟ ಕೆಳಗಿಟ್ಟರು.

“ಮೂರಲ್ಲ ಕಣವ್ವ,” ಎಂದರು ಇಂಚರಳಿಗೆ. “ಎಲ್ಡೇ ದೋಸೆ.”

ಮೊದಲು ನಕ್ಕವರು ಅವರ ಯಜಮಾನರೇ. ಆಮೇಲೆ ಯಾರು ನಕ್ಕರು, ಯಾರು ಬಿಟ್ಟರು ಹೇಳುವ ಹಾಗಿಲ್ಲ, ಸಾರಿನ ಬಕೆಟ್ಟುಗಳೆಲ್ಲ ಅಲುಗಾಡಿದವು. ನಾವು ಗೆದ್ದೆವು. ನನ್ನವ್ವ ನನ್ನ ಬೆನ್ನು ತಟ್ಟಿದಳು. ನಾನು ಆಮೇಲೆ ಎರಡು ಸಲ ಬಿರಿಯಾನಿ ಹಾಕಿಸಿಕೊಂಡೆ. ಕೋಳಿ ಕಾಲಿನ ಹಾಡು ಸತ್ತಿತು, ಇನ್ನು ಮೇಲೆ ಎರಡೂ ತಾಲ್ಲೂಕಿನಲ್ಲಿ ಓಡಾಡುವುದು ದೋಸೆಯ ಹಾಡು ಎಂದು ನನಗೆ ಖಾತ್ರಿಯಾಯಿತು.

ಊಟವಾದ ಮೇಲೆ ಇಂಚರ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಬೀಗರ ಮನೆಯ ಹಿಂದಿನ ಪಡಸಾಲೆಯಲ್ಲಿ ದೇವೀರಮ್ಮನ ಮಗ್ಗುಲಲ್ಲಿ ಕೂತಿದ್ದಳು. ಆಕೆ ಎಲೆಯಡಿಕೆ ಜಗಿಯುತ್ತ ಒಂದು ಸಾಲು ಹೇಳುವುದು, ಇವಳು ತೊಡೆಯ ಮೇಲೆ ತಾಳ ಹಾಕುತ್ತ ಹಾಗೇ ಒಪ್ಪಿಸುವುದು. ಪದದ ಮೇಲೆ ಪದ, ಒಂದಕ್ಕೊಂದು ಪೋಲಿಯಾಗಿ, ಮುದ್ದಾಗಿ. ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿದುಕೊಳ್ಳುವ ಕಿವಿ ಅವಳಿಗೆ ಯಾವಾಗ ಬಂದಿತ್ತೋ ನನಗೆ ತಿಳಿದಿರಲಿಲ್ಲ. ಸರಿಗಮ ಕೇಳಿ ಕೇಳಿ ನಾನು ಬೇಸತ್ತಿದ್ದ ಆ ತಿಂಗಳುಗಳಲ್ಲಿ ಬಂದಿರಬೇಕು.

ದೇವೀರಮ್ಮ ನನ್ನನ್ನು ನೋಡಿ ಸರಿದು ಜಾಗ ಕೊಟ್ಟರು.

“ನಮ್ಮೆಣ್ಮಕ್ಳು ಫೋನ್ ಇಡ್ಕೊಂಡು ವಿಡಿಯೋ ಮಾಡ್ತವೆ ಅಷ್ಟೆಯಾ, ಒಂದ್ಕೂ ಪದ ಏಳಕ್ ಬರಲ್ಲ,” ಎಂದರು. “ನಾನೋದ್ಮೇಲೆ ನಿಮ್ಮನ್ನ ಬಯ್ಯೋರ್ ಯಾರವ್ವ?”

ನನಗೆ ದೊಡ್ಡಮ್ಮನ ನೆನಪಾಯಿತು. ಆ ಮಾತಿಗೆ ಪ್ರಾಸ ಕಟ್ಟಲು ನನಗೆ ಬರುತ್ತಿರಲಿಲ್ಲ, ಸುಮ್ಮನೆ ಅವರ ಪಕ್ಕದಲ್ಲಿ ಕೂತು ಒಂದು ಎಲೆ ಇಸಿದುಕೊಂಡೆ. ಹೊರಡುವಾಗ ಅವರು, ಬ್ಯಾಗ್ ತಗಿ ಎಂದು ಕೇಳಿ, ಅದರ ಬಾಯಿ ಅಗಲಿಸಿ, ಒಂದು ಸ್ಟೀಲ್ ಡಬ್ಬಿಯನ್ನು ಒಳಗೆ ತುರುಕಿದರು. ಯಜಮಾನರು ಈ ಸಲವೂ ಪಾಳಿಯಲ್ಲಿದ್ದರು. ಡಬ್ಬಿಯಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ, ತೆರೆದೂ ನೋಡಲಿಲ್ಲ. ತೆಳ್ಳನೆಯ ಬ್ಯಾಗು ಉಬ್ಬಿಕೊಂಡು ನಿಂತಿತು.

ಬನ್ನೂರಿನಿಂದ ನರಸೀಪುರದ ಮೇಲೆ ನಂಜನಗೂಡಿಗೆ ಬಸ್ಸು. ಕಿಟಕಿಯ ಪಕ್ಕ ಕೂತ ಇಂಚರ ಹೊಸದಾಗಿ ಕಲಿತದ್ದನ್ನೆಲ್ಲ ಒಂದು ಸುತ್ತು ಅಭ್ಯಾಸ ಮಾಡಿದಳು. ಅದರಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದೆಂದು ನೀವು ಆಗಲೇ ಊಹಿಸಿರುತ್ತೀರಿ. ಇಡೀ ದಾರಿ ಟೀಚರಮ್ಮ ಬೀಗಿತ್ತಿ ಬ್ಯಾಗ್ ಹೊತ್ತು ಬಂದಳು, ಮೊದಲ ಕಾಲದಲ್ಲಿ, ಎರಡನೆಯ ಕಾಲದಲ್ಲಿ, ಮೂರನೆಯ ಕಾಲದಲ್ಲಿ. ನರಸೀಪುರದ ಸೇತುವೆ ದಾಟುವ ಹೊತ್ತಿಗೆ ಹಿಂದಿನ ಸೀಟಿನವರಿಗೂ ಬಾಯಿಗೆ ಬಂದಿತ್ತು. ನಿಲ್ಲಿಸು ಎನ್ನಲು ನನಗೆ ಮನಸ್ಸೇ ಬರಲಿಲ್ಲ. ಅಷ್ಟು ಚೆನ್ನಾಗಿ ಹಾಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ನನ್ನ ಬೆರಳುಗಳು ಬ್ಯಾಗಿನೊಳಗಿನ ಡಬ್ಬಿಯ ಮೇಲೆ ತಾಳ ಹಾಕುತ್ತಿವೆ.

ಮರುವಾರ ಮೇಡಂ ಮನೆಯ ಜಗಲಿಗೆ ಹೊಸಬರೊಬ್ಬರು ಬಂದಿದ್ದರು, ಪುಟ್ಟ ಹುಡುಗಿಯ ಕೈ ಹಿಡಿದುಕೊಂಡು. ನೀವು ಮಗಳನ್ನು ಯಾಕೆ ಸೇರಿಸಿದಿರಿ ಎಂದು ಸಂಕೋಚದಿಂದ ಕೇಳಿದರು. ‘ಸಂ’ ಎನ್ನುವಷ್ಟರಲ್ಲಿ ಒಳಗಿನಿಂದ ಹಾಡು ಎದ್ದಿತು. ಮೇಡಂ ಕಾಫಿಗೆ ಅಡುಗೆಮನೆಗೆ ಹೋಗಿದ್ದರೆಂದು ಕಾಣುತ್ತದೆ. ಇಂಚರ ಒಂದು ಸಾಲು ಹೇಳಿಕೊಡುತ್ತಿದ್ದಳು. ಬ್ಯಾಂಕಿನವರ ಮಗ, ಬಿಳಿಗೆರೆಯ ಅವಳಿಗಳು, ಕವಲಂದೆಯ ಆರು ಮನೆ ಗಂಟಲಿನ ಹುಡುಗ ಎಲ್ಲ ಒಟ್ಟಾಗಿ ಶ್ರುತಿಗೆ ಸೇರಿ, ನಿಧಾನವಾಗಿ, ಮಲಹರಿಯಲ್ಲಿ, ಅಕ್ಷರ ಅಕ್ಷರ ಎಳೆದು ಹಾಡುತ್ತಿದ್ದರು. ಮಾತು ತಿಳಿಯುತ್ತಿರಲಿಲ್ಲ, ಕೇಳಲು ಮಾತ್ರ ಬಹಳ ಸೊಗಸಾಗಿತ್ತು. ಕಂಬಕ್ಕೊರಗಿದ ಹೆಂಗಸು ಕೂಡ ಮೊದಲ ಸಲ ಕಿವಿ ಕೊಟ್ಟು ಕೇಳಿದರು.

ಹೊಸಬರು ಕಣ್ಣು ಮುಚ್ಚಿ ಕೇಳಿ, ತಮ್ಮ ಮಗಳ ಕೈಯನ್ನೂ ಜೋಡಿಸಿ ನಮಸ್ಕಾರ ಮಾಡಿಸಿದರು.

“ಎಷ್ಟು ಚೆನ್ನಾಗದೆ. ಯಾವ ದೇವ್ರ ಮೇಲಿದು?”

“ನಿಂದಾಸ್ತುತಿ ಕಣ್ರೀ,” ಎಂದೆ. ದೇವರ ಹೆಸರು ಹೇಳಲಿಲ್ಲ. ಬ್ಯಾಗನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡೆ.